ಜೋಳ ಹೂವಾಡುವ ಹೊತ್ತು, ಮೂಗಿಗೆ ಬರುವ ಕುತ್ತು

ಮೂಗಿನ ಅಲರ್ಜಿ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗಿವೆ: ‘ಬರೇ ನೆಗಡಿ ಅದರಿ, ಆದ್ರ ಹೋಗವಲ್ದು.’ ವಿಜಯಪುರದಲ್ಲಿ ಕಿವಿ, ಮೂಗು, ಗಂಟಲಿನ ದವಾಖಾನೆ ನಡೆಸುವ ನನಗೆ ಈ ಮಾತು ಹೊಸದಲ್ಲ. ಪತ್ರಗಳನ್ನು ಅಲ್ಲಲ್ಲಿ ಮೊಟಕು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಡಾಕ್ಟರ್ ಅಕ್ಕಾರ, ಸೀಗಿ ಹುಣ್ಣಿಮಿ ಬಂತಂದ್ರ ನನಗ ಸೀನು ಶುರು. ಮುಂಜಾನೆ ಎದ್ದ ಕೂಡ್ಲೆ ಸಾಲಾಗಿ ಬರ್ತಾವ, ಮೂಗಿನಾಗಿಂದ ನೀರು ಇಳೀತದ, ಕಣ್ಣು, ಗಂಟಲು ತುರಸ್ತಾವ. ಎಳ್ಳಮಾಸಿ ದಿನ ಚರಗ ಚೆಲ್ಲಾಕ ಹೊಲಕ್ಕ ಹೋದ್ರ ಬುತ್ತಿ ಬಿಚ್ಚೂದ್ರೊಳಗ ಕಣ್ಣು ಬಾತು ಕೆಂಪಾಗಿರ್ತಾವ. ಅತ್ತಿಯವರು ಮಸರು ಬಿಡು ಅಂದ್ರು, ಬಿಟ್ಟೆ. ಬಾಳಿಹಣ್ಣು ಬಿಡು ಅಂದ್ರು, ಬಿಟ್ಟೆ. ಬದನಿಕಾಯಿ ನಂಜು ಅಂದ್ರು, ಅದನ್ನೂ ಬಿಟ್ಟೆ. ಈಗ ತಲಿಗೆ ನೀರು ಹಾಕ್ಕೋಬ್ಯಾಡ ಅಂತಾರ. ಇನ್ನ ಏನು ಬಿಡ್ಲಿ?
ಓದುಗಾರ್ತಿ, ಇಂಡಿ ತಾಲ್ಲೂಕು

ಏನೂ ಬಿಡಬೇಡ ತಂಗಿ. ಬಿಟ್ಟಿದ್ದನ್ನೆಲ್ಲ ತಿರುಗಿ ತಿನ್ನು. ಎಳ್ಳಮಾಸಿ ದಿನ ಹೊಲದಲ್ಲಿ ಕೂತು ಎಣ್ಣಿಗಾಯಿ ಇಲ್ಲದೆ ಸಜ್ಜಿ ರೊಟ್ಟಿ ತಿನ್ನುವ ಶಿಕ್ಷೆ ಯಾರಿಗೂ ಬೇಡ.

ನಿನ್ನ ಪತ್ರದಲ್ಲೇ ಉತ್ತರ ಇದೆ. ಯಾವಾಗ ಬರುತ್ತದೆ, ಎಲ್ಲಿ ಹೆಚ್ಚಾಗುತ್ತದೆ ಎರಡನ್ನೂ ಬರೆದಿದ್ದೀಯ. ಮೊಸರು, ಬದನೆಕಾಯಿ ವರ್ಷವಿಡೀ ಮನೆಯಲ್ಲಿರುತ್ತವೆ. ಅವೇ ಕಾರಣವಾಗಿದ್ದರೆ ಆಷಾಢದಲ್ಲೂ ಸೀನಬೇಕಿತ್ತು. ಇನ್ನೊಂದು ಗುರುತು ತುರಿಕೆ. ಸಾದಾ ನೆಗಡಿಯಲ್ಲಿ ಮೈ ಕೈ ನೋಯುತ್ತದೆ, ಒಮ್ಮೊಮ್ಮೆ ಜ್ವರ ಬರುತ್ತದೆ, ಸಿಂಬಳ ಗಟ್ಟಿಯಾಗುತ್ತದೆ, ವಾರ-ಹತ್ತು ದಿನಕ್ಕೆ ಹೋಗುತ್ತದೆ. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ, ನೀರಿನಂಥ ಸಿಂಬಳ, ಮೂಗು-ಕಣ್ಣು-ಗಂಟಲು ತುರಿಸುತ್ತವೆ, ತಿಂಗಳುಗಟ್ಟಲೆ ನಡೆಯುತ್ತದೆ.

ಗಾಳಿಯಲ್ಲಿ ಹಾರಿಬರುವ ಹೂವಿನ ಪರಾಗ ಯಾರಿಗೂ ವಿಷವಲ್ಲ. ಕೆಲವರ ದೇಹ ಮಾತ್ರ ಅದನ್ನು ವೈರಿಯೆಂದು ತಿಳಿಯುತ್ತದೆ. ಬಂದ ಬೀಗರನ್ನು ಕಳ್ಳರೆಂದು ಬೊಗಳಿ ಓಣಿಯನ್ನೆಲ್ಲ ಎಬ್ಬಿಸುವ ನಾಯಿ ಇರುತ್ತದಲ್ಲ, ಹಾಗೆ. ಐಜಿಇ ಎಂಬ ಪ್ರತಿಕಾಯಗಳು ಮೂಗಿನ ಒಳಪದರದ ಮಾಸ್ಟ್ ಕೋಶಗಳ ಮೇಲೆ ಮೊದಲೇ ಅಂಟಿ ಕೂತಿರುತ್ತವೆ. ಪರಾಗ ಬಂದು ತಾಕಿದ ಕೂಡಲೇ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಯುತ್ತವೆ. ತುರಿಕೆ, ಸೀನು, ನೀರು ಎಲ್ಲ ಅದರದೇ ಕೆಲಸ, ನಿಮಿಷಗಳಲ್ಲಿ ಆಗುವಂಥದ್ದು. ನಾಲ್ಕೆಂಟು ತಾಸು ಬಿಟ್ಟು ಎರಡನೇ ಸುತ್ತು ಬರುತ್ತದೆ, ಆಗ ಮೂಗು ಕಟ್ಟುತ್ತದೆ. ಮುಂಜಾನೆ ಹೊಲಕ್ಕೆ ಹೋದವರಿಗೆ ಸಂಜೆ ಮಲಗುವ ಹೊತ್ತಿಗೆ ಮೂಗು ಬಿಗಿಯುವುದು ಇದರಿಂದಲೇ. ‘ಸಂಜೀ ಮುಂದ ಏನ್ ತಿಂದೆ?’ ಎಂದು ಅತ್ತಿಯವರು ಕೇಳುವುದೂ ಅದೇ ಹೊತ್ತಿನಲ್ಲಿ!

ಈಗ ಕಾಲದ ಲೆಕ್ಕ ನೋಡೋಣ. ಹಿಂಗಾರಿ ಜೋಳ ನಮ್ಮಲ್ಲಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತನೆಯಾಗುತ್ತದೆ. ಮಾಲ್ದಂಡಿ ಜೋಳ ಹೂವಾಡಲು ಎರಡು-ಎರಡೂವರೆ ತಿಂಗಳು ಬೇಕು, ಅಂದರೆ ಡಿಸೆಂಬರ್ ಆಸುಪಾಸು. ಸೀಗಿ ಹುಣ್ಣಿಮೆಯಲ್ಲಿ ಜೋಳ ಇನ್ನೂ ಸಣ್ಣ ಬೆಳೆ. ಆಗಿನ ಸೀನಿಗೆ ಅದನ್ನು ದೂರುವಂತಿಲ್ಲ. ಆ ಹೊತ್ತಿಗೆ ಹೂಬಿಟ್ಟಿರುವುದು ಬದುವಿನ ಹುಲ್ಲು, ಕರಿಕೆ, ದಾರಿಯ ಎರಡೂ ಬದಿಯ ಕಾಂಗ್ರೆಸ್ ಕಸ. ಡಿಸೆಂಬರಿನಲ್ಲಿ ಜೋಳ ಬಂದು ಸೇರಿಕೊಳ್ಳುತ್ತದೆ. ಜೋಳ, ಕರಿಕೆ, ಬದುವಿನ ಹುಲ್ಲು ಎಲ್ಲ ಹುಲ್ಲಿನ ಕುಲದವೇ, ಹೀಗಾಗಿ ಒಂದರ ಪರಾಗ ಆಗದವರಿಗೆ ಇನ್ನೊಂದರದ್ದೂ ಆಗದಿರುವುದು ಉಂಟು. ಎಳ್ಳಮಾಸಿಯಂದು ನಿನ್ನ ಕಣ್ಣು ಬಾತದ್ದು ಹೀಗೆ.

ಸೀತನಿ, ಅಂದರೆ ಎಳೆಯ ಹಸಿ ಜೋಳದ ಕಾಳು, ತಿನ್ನುವ ಕಾಲಕ್ಕೆ ಜೋಳದ ಹೂ ಮುಗಿದಿರುತ್ತದೆ. ಅಷ್ಟೊತ್ತಿಗೆ ಸೀನು ಇಳಿದರೆ ಪರಾಗದ್ದೇ ಕೆಲಸ ಎಂದು ಹೆಚ್ಚುಕಡಿಮೆ ಹೇಳಬಹುದು. ಇಳಿಯದೆ, ರಾಶಿ ಮಾಡುವಾಗ, ಕಣಿಕಿ ಬಣವಿ ಒಟ್ಟುವಾಗ ಇನ್ನಷ್ಟು ಏರಿದರೆ ಹೊಟ್ಟಿನ ಧೂಳು, ಬೂಷ್ಟಿನ ಬೀಜಾಣು ಸೇರಿಕೊಂಡಿವೆ ಎಂದರ್ಥ. ಬೇಸಿಗೆಗೆ ಮುಂಚೆ ಬಳ್ಳಾರಿ ಜಾಲಿ ಹೂಬಿಡುತ್ತದೆ, ಅದರ ಪರಾಗವೂ ಸಾಕಷ್ಟು ಜನರಿಗೆ ಆಗುವುದಿಲ್ಲ. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಚೌಕದಲ್ಲಿ ಸೀನು ಬಂದ ದಿನ ಒಂದು ಗೀಟು ಹಾಕು. ಹೊಲಕ್ಕೆ ಹೋದ ದಿನ ‘ಹೊ’ ಅಂತ ಬರಿ. ಒಂದು ವರ್ಷದ ಆ ಕ್ಯಾಲೆಂಡರ್ ತಂದು ತೋರಿಸಿದರೆ ಅರ್ಧ ತಪಾಸಣೆ ಮುಗಿದಂತೆ.

ಇಂಗ್ಲೆಂಡಿನ ಜಾನ್ ಬೊಸ್ಟಾಕ್ ಎಂಬ ವೈದ್ಯ 1819ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದ. ರೋಗಿ ಬೇರೆ ಯಾರೂ ಅಲ್ಲ, ಅವನೇ. ವರ್ಷವರ್ಷ ಬೇಸಿಗೆಯಲ್ಲಿ ಬರುತ್ತದೆಂದು ಗೊತ್ತಿತ್ತು, ಕಾರಣ ಪರಾಗ ಎಂದು ಗೊತ್ತಿರಲಿಲ್ಲ. ಅದನ್ನು ತೋರಿಸಿದವನು ಚಾರ್ಲ್ಸ್ ಬ್ಲ್ಯಾಕ್ಲಿ, 1873ರಲ್ಲಿ. ಅವನಿಗೂ ಅದೇ ಕಾಯಿಲೆ. ಹುಲ್ಲಿನ ಪರಾಗವನ್ನು ತನ್ನ ಮೂಗಿಗೇ ಹಾಕಿಕೊಂಡು ನೋಡಿದ, ಅಂಟು ಹಚ್ಚಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಪರಾಗವಿದೆ ಎಂದು ಸಾಧಿಸಿದ. ಈ ಇಬ್ಬರೂ ಯಾರ ಮಾತಿಗೂ ಬಾಳೆಹಣ್ಣು ಬಿಡಲಿಲ್ಲ ಎಂದುಕೊಳ್ಳುತ್ತೇನೆ.

ಔಷಧದ ಮಾತು. ಅಲರ್ಜಿಗೆ ಕೊಡುವ ಮೂಗಿನ ಸ್ಪ್ರೇ, ಅಂದರೆ ಫ್ಲೂಟಿಕಾಸೋನ್, ಮೊಮೆಟಾಸೋನ್ ಜಾತಿಯದು, ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸೀನು ಬಂದಾಗ ಒಮ್ಮೆ ಹೊಡೆದುಕೊಂಡು ‘ಏನೂ ಆಗಲಿಲ್ಲ’ ಎಂದು ಕಪಾಟಿಗೆ ಎಸೆಯುವವರೇ ಹೆಚ್ಚು. ಅದು ದಿನಾ ಹಾಕಬೇಕಾದ ಔಷಧ. ಪೂರ್ತಿ ಗುಣ ತೋರಲು ವಾರ, ಎರಡು ವಾರ ಬೇಕು. ನಿನ್ನ ಕಾಲ ಸೀಗಿ ಹುಣ್ಣಿಮೆಗೆ ಶುರುವಾಗುತ್ತದೆ ಎಂದರೆ ವೈದ್ಯರಿಗೆ ತೋರಿಸಿ, ಮಹಾನವಮಿ ಅಮಾವಾಸ್ಯೆ ಹೊತ್ತಿಗೇ ಸ್ಪ್ರೇ ಶುರು ಮಾಡಬೇಕು. ಹಾಕುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಾಕು. ಆಗ ಔಷಧ ನಡುಗೋಡೆಗೆ ಬೀಳದೆ ಹೊರಗೋಡೆಗೆ ಬೀಳುತ್ತದೆ. ಗಟ್ಟಿಯಾಗಿ ಸೇದಬೇಡ, ಸೇದಿದರೆ ಗಂಟಲಿಗೆ ಇಳಿದು ಹೋಗುತ್ತದೆ. ಮೂಗಿನಲ್ಲಿ ರಕ್ತ ಕಂಡರೆ ನಡುಗೋಡೆಗೆ ಹೊಡೆಯುತ್ತಿದ್ದೀಯಾ ಎಂದು ಮೊದಲು ನೋಡಿಕೋ; ನಿಲ್ಲದಿದ್ದರೆ ಬಂದು ತೋರಿಸು.

ಜೋಳದ ಹೂ ನಡುರಾತ್ರಿಯಿಂದ ಹೊತ್ತು ಹುಟ್ಟಿದ ಸ್ವಲ್ಪ ಹೊತ್ತಿನವರೆಗೆ ಪರಾಗ ಚೆಲ್ಲುತ್ತದೆ. ಆ ದಿನಗಳಲ್ಲಿ ನಸುಕಿನಲ್ಲಿ ಹೊಲದ ಕಡೆಯ ಕಿಟಕಿ ಹಾಕಿರಲಿ, ಆದಷ್ಟು ಬಿಸಿಲೇರಿದ ಮೇಲೆ ಹೊಲಕ್ಕೆ ಹೋಗು. ಮೂಗು-ಬಾಯಿಗೆ ಬಿಗಿಯಾದ ಮಾಸ್ಕ್ ಕಟ್ಟು, ಸೆರಗು ಸಾಲದು. ತಿರುಗಿ ಬಂದ ಮೇಲೆ ಸೀರೆ ಬದಲಿಸಿ ಮುಖ ತೊಳೆ, ತಲೆಗೆ ನೀರು ಹಾಕಿಕೋ. ಹೌದು, ಹಾಕಿಕೋ. ಕೂದಲಲ್ಲಿ ಕೂತ ಪರಾಗ ರಾತ್ರಿ ದಿಂಬಿಗೆ ಬಂದು, ಅಲ್ಲಿಂದ ಮೂಗಿಗೆ ಬರುತ್ತದೆ. ಅತ್ತಿಯವರಿಗೆ ಈ ಸಾಲು ಓದಿ ಹೇಳು. ನನ್ನ ಮೇಲೆ ಹಾಕು, ನಿನ್ನ ಮೇಲೆ ಬೇಡ.

ಜೋಳದ ರೊಟ್ಟಿ ತಿನ್ನಬಹುದೇ ಎಂದು ಇನ್ನೊಂದು ಪತ್ರ ಬರುವ ಮೊದಲೇ ಹೇಳಿಬಿಡುತ್ತೇನೆ: ತಿನ್ನಬಹುದು. ತೊಂದರೆ ಕೊಡುವುದು ಹೂವಿನ ಪರಾಗ, ಕಾಳಲ್ಲ.

ನನ್ನ ಮಗನಿಗೆ ಎಂಟು ವರ್ಷ. ಶಿವರಾತ್ರಿ ಆದ ಮೇಲೆ ಕಣ್ಣು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಳ್ಳುತ್ತಾನೆ, ಅಂಗೈಯಿಂದ ಮೂಗನ್ನು ಮೇಲಕ್ಕೆ ಒತ್ತುತ್ತಿರುತ್ತಾನೆ. ಔಷಧ ಅಂಗಡಿಯಲ್ಲಿ ಕೊಟ್ಟ ಹನಿ ಹಾಕಿದರೆ ಎರಡು ದಿನದಲ್ಲಿ ಕಣ್ಣು ಬೆಳ್ಳಗಾಗುತ್ತದೆ. ಮೂರು ವರ್ಷದಿಂದ ಅದನ್ನೇ ತರುತ್ತಿದ್ದೇವೆ. ಮುಂದುವರಿಸಬಹುದೇ?
ಶಿಕ್ಷಕಿ, ಮುಧೋಳ

ಟೀಚರ್, ಈ ಪುಟ ಮಡಿಚಿಟ್ಟು ಮೊದಲು ಆ ಹನಿಯ ಶೀಶೆ ತೆಗೆದು ಹೆಸರು ಓದಿ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಕಣ್ಣು ಬೇಗ ಬೆಳ್ಳಗಾಗುವುದೇ ಅದರ ಮೋಸ. ಕಣ್ಣಿನ ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬರಬಹುದು. ಒತ್ತಡ ಏರುವಾಗ ಮಗುವಿಗೆ ನೋವೂ ತಿಳಿಯುವುದಿಲ್ಲ, ಗ್ಲಾಕೋಮಾದಿಂದ ಹೋದ ದೃಷ್ಟಿ ತಿರುಗಿ ಬರುವುದೂ ಇಲ್ಲ. ಈ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಿ. ಒತ್ತಡ ಅಳೆಯಿರಿ ಎಂದು ಬಾಯಿಬಿಟ್ಟು ಹೇಳಿ, ಶೀಶೆಯನ್ನೂ ಜೊತೆಗೆ ಒಯ್ಯಿರಿ.

ನಮ್ಮಂಥ ಬಿಸಿಲು, ಒಣಗಾಳಿಯ ಊರುಗಳಲ್ಲಿ ಗಂಡುಮಕ್ಕಳಿಗೆ ಬರುವ ಒಂದು ಬಗೆಯ ಕಣ್ಣಿನ ಅಲರ್ಜಿ ಇದೆ. ಬೇಸಿಗೆಯಲ್ಲಿ ಏರುತ್ತದೆ, ಬೆಳಕು ತಡೆಯಲಾಗುವುದಿಲ್ಲ, ದಾರದಂಥ ಪಿಸರು ಬರುತ್ತದೆ, ಮೇಲಿನ ರೆಪ್ಪೆಯ ಒಳಗೆ ಗುಳ್ಳೆ ಏಳುತ್ತವೆ. ನಿಮ್ಮ ಮಗನಿಗೆ ಅದೇ ಇರಬಹುದು, ರೆಪ್ಪೆ ತಿರುಗಿಸಿ ನೋಡಿದರೆ ತಿಳಿಯುತ್ತದೆ. ಅದಕ್ಕೆ ಸ್ಟೀರಾಯ್ಡ್ ಅಲ್ಲದ ಅಲರ್ಜಿ ಹನಿಗಳಿವೆ, ಕಾಲವಿಡೀ ಹಾಕಬಹುದಾದಂಥವು. ತುರಿಕೆ ಬಂದಾಗ ತಣ್ಣೀರಿನಲ್ಲಿ ಅದ್ದಿದ ಒದ್ದೆ ಬಟ್ಟೆ ಮುಚ್ಚಿದ ಕಣ್ಣಿನ ಮೇಲಿಡಿ. ಹೊರಗೆ ಆಡುವಾಗ ಅಗಲ ಅಂಚಿನ ಟೋಪಿ, ತಂಪು ಕನ್ನಡಕ ಇರಲಿ. ತಿಕ್ಕುವ ಚಟ ಮಾತ್ರ ಬಿಡಿಸಲೇಬೇಕು. ವರ್ಷಗಟ್ಟಲೆ ತಿಕ್ಕಿದರೆ ಕಣ್ಣಿನ ಮುಂಭಾಗ ತೆಳುವಾಗಿ ಕೋನದಂತೆ ಉಬ್ಬುವ ಅಪಾಯವಿದೆ.

ಮೂಗಿನ ಮೇಲೆ ಅಡ್ಡಗೆರೆ, ಕಣ್ಣಿನ ಕೆಳಗೆ ಕಪ್ಪು ಇವೆಯೇ ನೋಡಿ. ಇದ್ದರೆ ಮೂಗಿನ ಚಿಕಿತ್ಸೆಯೂ ಬೇಕು. ತರಗತಿಯಲ್ಲಿ ಬಾಯಿ ತೆರೆದು ತೂಕಡಿಸುವ ಹುಡುಗರನ್ನು ಬೈಯುವ ಮುನ್ನ ಅವರ ಮೂಗನ್ನೂ ಒಮ್ಮೆ ನೋಡಬಹುದು ಎಂದು ನಿಮ್ಮ ಸಹೋದ್ಯೋಗಿಗಳಿಗೂ ಹೇಳಿ.

ನಾನು ಬಸ್ ಚಾಲಕ. ಸೀನಿಗೆ ಗುಳಿಗಿ ತಗೊಂಡ್ರ ಸ್ಟೇರಿಂಗ್ ಮ್ಯಾಲೆ ನಿದ್ದಿ ಬರ್ತದ. ಅದಕ್ಕ ಮೂಗಿಗೆ ಹನಿ ಹಾಕ್ಕೋತೀನಿ. ಈಗ ಆರು ತಿಂಗಳಾತು, ಹನಿ ಇಲ್ಲಂದ್ರ ರಾತ್ರಿ ಉಸಿರೇ ಆಡೂದಿಲ್ಲ.
ಓದುಗ, ಬಾಗಲಕೋಟೆ ನವನಗರ

ತಮ್ಮಾ, ಎರಡು ಔಷಧವನ್ನೂ ಬದಲಿಸಬೇಕು. ಹಳೆಯ ಕಾಲದ ಅಲರ್ಜಿ ಗುಳಿಗೆಗಳು ಮಿದುಳಿಗೆ ಇಳಿದು ಮಂಪರು ತರುತ್ತವೆ. ಸೆಟ್ರಿಜಿನ್ ಕೂಡ ಕೆಲವರಿಗೆ ತರುತ್ತದೆ. ಫೆಕ್ಸೊಫೆನಡಿನ್ ಮಂಪರು ತರುವುದು ತೀರ ಕಡಿಮೆ. ಅದನ್ನು ನೀರಿನ ಜೊತೆಗೇ ನುಂಗಬೇಕು, ಹಣ್ಣಿನ ರಸದ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೊಸ ಗುಳಿಗೆ ಯಾವುದೇ ಇರಲಿ, ಮೊದಲ ಸಲ ರಜೆಯ ದಿನ ನುಂಗಿ ನೋಡು.

ಇನ್ನು ಆ ಹನಿ. ಆಕ್ಸಿಮೆಟಾಜೊಲಿನ್ ಅಥವಾ ಕ್ಸೈಲೊಮೆಟಾಜೊಲಿನ್ ಇರಬೇಕು. ಮೂಗಿನ ರಕ್ತನಾಳ ಕುಗ್ಗಿಸಿ ಐದು ನಿಮಿಷಕ್ಕೆ ದಾರಿ ಬಿಡಿಸುತ್ತದೆ, ಇಳಿದ ಮೇಲೆ ಮೊದಲಿಗಿಂತ ಹೆಚ್ಚು ಬಾತುಕೊಳ್ಳುತ್ತದೆ. ಮೂರು ದಿನ, ಹೆಚ್ಚೆಂದರೆ ಐದು ದಿನ ಹಾಕುವ ಔಷಧ ಅದು. ಈಗ ನಿನ್ನ ಮೂಗು ಕಟ್ಟುತ್ತಿರುವುದು ಅಲರ್ಜಿಗಿಂತ ಆ ಹನಿಯಿಂದಲೇ ಹೆಚ್ಚು. ಮೇಲೆ ಹೇಳಿದ ಫ್ಲೂಟಿಕಾಸೋನ್ ಜಾತಿಯ ಸ್ಪ್ರೇ ಕೂಡ ಸ್ಟೀರಾಯ್ಡೇ, ವೈದ್ಯರು ಅದನ್ನು ಶುರು ಮಾಡಿಸಿ ಹನಿ ಬಿಡಿಸುತ್ತಾರೆ. ಮೊದಲ ಕೆಲವು ರಾತ್ರಿ ಕಷ್ಟವಾಗುತ್ತದೆ, ಒಂದು ಹೊಳ್ಳೆಗೆ ಮೊದಲು ಬಿಟ್ಟು ಆಮೇಲೆ ಇನ್ನೊಂದಕ್ಕೆ ಬಿಟ್ಟರೆ ತಡೆದುಕೊಳ್ಳಬಹುದು. ಮೂಗಿಗೆ ಸ್ಟೀರಾಯ್ಡ್ ಎಂದರೆ ಹೆದರಬೇಡ. ಕಣ್ಣಿನ ಹನಿಯ ಮಾತು ಬೇರೆ, ಮೂಗಿನ ಸ್ಪ್ರೇಯ ಪ್ರಮಾಣ ಮೈಗೆ ಸೇರುವುದು ಅತ್ಯಲ್ಪ.

ರಕ್ತ ತಪಾಸಣೆಯಲ್ಲಿ ನನಗೆ ಅಲರ್ಜಿ ಇರುವ ವಸ್ತುಗಳ ಉದ್ದ ಪಟ್ಟಿ ಬಂದಿದೆ: ಗೋಧಿ, ಶೇಂಗಾ, ಹುಲ್ಲು, ಔಡಲ, ಧೂಳು. ಶೇಂಗಾ ಚಟ್ನಿ ದಿನಾ ತಿನ್ನುತ್ತೇನೆ, ಏನೂ ಆಗಿಲ್ಲ. ವಿಜಯಪುರದಿಂದ ಬೆಳಗಾವಿಗೆ ಬಂದ ಮೇಲೆ ಎರಡು ವರ್ಷ ಆರಾಮಾಗಿದ್ದೆ, ಈಗ ಮತ್ತೆ ಶುರುವಾಗಿದೆ.
ಬ್ಯಾಂಕ್ ಉದ್ಯೋಗಿ, ಬೆಳಗಾವಿ

ತಿಂದರೆ ಏನೂ ಆಗದ ಶೇಂಗಾವನ್ನು ಕಾಗದ ನೋಡಿ ಬಿಡಬೇಡಿ. ರಕ್ತದಲ್ಲಿ ಐಜಿಇ ಇದೆ ಎಂದರೆ ದೇಹ ಆ ವಸ್ತುವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ. ಕಾಯಿಲೆ ಕೊಡುತ್ತಿದೆಯೇ ಎಂಬುದನ್ನು ನಿಮ್ಮ ಅನುಭವ ಹೇಳಬೇಕು. ನೂರಾರು ವಸ್ತುಗಳ ಪಟ್ಟಿಯ ಪರೀಕ್ಷೆಗೆ ದುಡ್ಡು ಸುರಿಯುವುದು ನನಗೆ ಸೇರುವುದಿಲ್ಲ. ಮೊದಲು ನಿಮ್ಮ ಕಾಲ, ಜಾಗ ಕೇಳಿ, ಅನುಮಾನ ಬಂದ ನಾಲ್ಕಾರು ವಸ್ತುಗಳಿಗೆ ಚರ್ಮದ ಮೇಲೆ ಚುಚ್ಚಿ ನೋಡುವುದು ಸರಿಯಾದ ದಾರಿ. ಅದಕ್ಕೆ ಮೊದಲು ಸುಮಾರು ಒಂದು ವಾರ ಅಲರ್ಜಿ ಗುಳಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಇದ್ದ ಅಲರ್ಜಿಯೂ ಕಾಣುವುದಿಲ್ಲ.

ಊರು ಬಿಟ್ಟರೆ ಆ ಊರಿನ ಪರಾಗ ತಪ್ಪುತ್ತದೆ, ಅಲರ್ಜಿಯಾಗುವ ಗುಣ ಜೊತೆಗೇ ಬರುತ್ತದೆ. ಎರಡು-ಮೂರು ವರ್ಷದಲ್ಲಿ ಹೊಸ ಊರಿನ ಗಿಡಗಳ ಪರಾಗಕ್ಕೂ ಅಲರ್ಜಿ ಶುರುವಾಗಬಹುದು. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಯ ಬೂಷ್ಟು ಬೇರೆ. ನಿಮ್ಮ ಕಾಟ ಜುಲೈ-ಆಗಸ್ಟಿನಲ್ಲಿ ಹೆಚ್ಚೋ, ಮಳೆ ನಿಂತು ಹುಲ್ಲು ಹೂಬಿಟ್ಟ ಮೇಲೆ ಹೆಚ್ಚೋ ಬರೆದಿಲ್ಲ. ಅದು ಗೊತ್ತಾದರೆ ಅರ್ಧ ಬಿಡಿಸಿದಂತೆ.

ಸ್ಪ್ರೇ, ಗುಳಿಗೆ ಎರಡಕ್ಕೂ ಬಗ್ಗದವರಿಗೆ ಇಮ್ಯುನೊಥೆರಪಿ ಇದೆ. ಆಗದ ಪರಾಗದ ಸಾರವನ್ನೇ ಸ್ವಲ್ಪಸ್ವಲ್ಪ ಹೆಚ್ಚಿಸುತ್ತ ಕೊಟ್ಟು ದೇಹವನ್ನು ಒಗ್ಗಿಸುವುದು. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಶುರು ಮಾಡಿದ ವಿಧಾನ. ಮೂರರಿಂದ ಐದು ವರ್ಷ ಬೇಕು. ಸೂಜಿಯಾದರೆ ಪ್ರತಿ ಸಲ ಅರ್ಧ ತಾಸು ದವಾಖಾನೆಯಲ್ಲೇ ಕೂರಬೇಕು, ಅಪರೂಪಕ್ಕೆ ತೀವ್ರ ಪ್ರತಿಕ್ರಿಯೆ ಬರಬಹುದು. ತಾಳ್ಮೆ ಇದ್ದವರಿಗೆ ಒಳ್ಳೆಯದು. ನಡುವೆ ಬಿಡುವವರು ಶುರು ಮಾಡದಿರುವುದೇ ಮೇಲು.

ಮೋಡ ಗುಡುಗಿ ಗಾಳಿ ಎದ್ದಾಗ ನಮ್ಮ ಯಜಮಾನರಿಗೆ ಎದಿ ಸುಂಯ್ ಅಂತದ. ಪಂಪ್ ಚಟ ಹತ್ತತದ ಅಂತ ಅವರು ತಗೊಳ್ಳೂದಿಲ್ಲ.
ಬಸವನ ಬಾಗೇವಾಡಿ

ಯಜಮಾನರಿಗೆ ನನ್ನ ಪರವಾಗಿ ಹೇಳಿರಿ ಅಕ್ಕಾರ: ಪಂಪ್ ಚಟವಲ್ಲ, ಔಷಧವನ್ನು ಬೇಕಾದ ಕಡೆಗೆ ನೇರವಾಗಿ, ಕಡಿಮೆ ಪ್ರಮಾಣದಲ್ಲಿ ಮುಟ್ಟಿಸುವ ಉಪಾಯ. ಮೂಗಿನ ಅಲರ್ಜಿ ಇದ್ದವರಲ್ಲಿ ಸಾಕಷ್ಟು ಜನರಿಗೆ ಆಸ್ತಮಾನೂ ಇರುತ್ತದೆ.

ಗುಡುಗಿನ ಮಾತು ಸುಳ್ಳಲ್ಲ. ಇಡಿಯಾದ ಪರಾಗದ ಕಣ ದಪ್ಪ, ಮೂಗಿನಲ್ಲೇ ಉಳಿಯುತ್ತದೆ. ಬಿರುಗಾಳಿ-ಮಳೆಯ ಹೊತ್ತಿಗೆ ತೇವ ಹೀರಿ ಒಡೆದ ಚೂರುಗಳು ಶ್ವಾಸಕೋಶದವರೆಗೆ ಇಳಿಯುತ್ತವೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 2016ರ ನವೆಂಬರ್ 21ರ ಸಂಜೆ ಹೀಗೇ ಆಗಿ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಆಸ್ಪತ್ರೆಗೆ ಓಡಿದವರಲ್ಲಿ ಬಹಳಷ್ಟು ಜನ ತಮಗಿರುವುದು ಬರೀ ಮೂಗಿನ ಕಾಟ ಎಂದು ತಿಳಿದವರು. ಗಾಳಿ ಎದ್ದಾಗ ಯಜಮಾನರು ಒಳಗೆ ಬಂದು ಬಾಗಿಲು ಹಾಕಿಕೊಳ್ಳಲಿ. ವೈದ್ಯರು ದಿನಾ ತಗೊಳ್ಳಲು ಹೇಳುವ ಪಂಪ್ ಬೇರೆ, ದಮ್ಮು ಹತ್ತಿದಾಗ ಎಳೆಯುವುದು ಬೇರೆ. ಎರಡನೆಯದನ್ನೇ ನಂಬಿ ಕೂರುವುದು ಅಪಾಯ. ಒಂದು ಪೂರ್ತಿ ಮಾತು ಆಡಲಾಗದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಯಾದರೆ, ಮಳೆ ನಿಲ್ಲಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಚುಟುಕು ಪ್ರಶ್ನೆಗಳು

*ಕಾಂಗ್ರೆಸ್ ಕಸ ಕಿತ್ತ ಮೇಲೆ ಕುತ್ತಿಗೆ, ರೆಪ್ಪೆ, ಮೊಳಕೈ ಮಡಿಕೆ ತುರಿಸುತ್ತವೆ. (ಜಮಖಂಡಿ)*
ಇದು ಸೀನಿನ ಅಲರ್ಜಿಯಲ್ಲ, ಅದೇ ಗಿಡ ಚರ್ಮಕ್ಕೆ ಕೊಡುವ ಬೇರೆ ಕಾಯಿಲೆ. ಗಿಡ ಮುಟ್ಟದಿದ್ದರೂ ಗಾಳಿಯಲ್ಲಿ ಬಂದ ಪುಡಿಯಿಂದ ಆಗುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಕಸ ಇಂದು ನಮ್ಮ ಎಲ್ಲ ಹಾದಿಬದಿಗೆ ಬಂದಿದೆ. ಹೂಬಿಡುವ ಮೊದಲು, ಮಳೆಯಾಗಿ ನೆಲ ಮೆತ್ತಗಿದ್ದಾಗ, ಕೈಚೀಲ, ತುಂಬುತೋಳಿನ ಅಂಗಿ ಹಾಕಿ ಬೇರುಸಹಿತ ಕೀಳಬೇಕು. ನಿಮಗೆ ಒಮ್ಮೆ ಆಗಿದೆ ಎಂದ ಮೇಲೆ ಆ ಕೆಲಸ ಬೇರೆಯವರು ಮಾಡಲಿ. ಚರ್ಮದ ವೈದ್ಯರಿಗೆ ತೋರಿಸಿ.

*ಗೋಳಗುಮ್ಮಟದ ತೋಟದಲ್ಲಿ ವಾಕಿಂಗ್ ಹೋಗುತ್ತೇನೆ. ಗುಲ್‌ಮೊಹರ್ ಹೂವಿನಿಂದ ಸೀನು ಬರುತ್ತದೆಯೇ?*
ಬಣ್ಣದ ದೊಡ್ಡ ಹೂಗಳ ಪರಾಗ ಭಾರ, ಅಂಟು. ಕೀಟ, ಹಕ್ಕಿಗಳು ಹೊರಬೇಕು. ಕಣ್ಣಿಗೆ ಬೀಳದ ಹುಲ್ಲಿನ ಹೂವನ್ನು ಅನುಮಾನಿಸಿ.

*ಊರಿನ ಜೇನು ತಿಂದರೆ ಹೋಗುತ್ತದಂತೆ?*
ಜೇನು ತರುವುದು ಆ ಅಂಟಿನ ಪರಾಗವನ್ನು, ನಿಮಗೆ ಆಗದ್ದು ಗಾಳಿಯದು. ರುಚಿಗೆ ತಿನ್ನಿ. ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಬೇಡಿ.

*ಸೀಜನ್ನಿಗೊಂದು ಸೂಜಿ ಹಾಕಿಸಿಕೊಂಡರೆ ಮೂರು ತಿಂಗಳು ಆರಾಮಂತೆ?*
ಅದು ಮೈಯಲ್ಲಿ ವಾರಗಟ್ಟಲೆ ಉಳಿಯುವ ಸ್ಟೀರಾಯ್ಡ್. ಸಕ್ಕರೆ, ಬಿಪಿ ಏರಿಸುತ್ತದೆ, ಎಲುಬು ಸವೆಸುತ್ತದೆ. ಮೂಗಿಗಾಗಿ ಅದನ್ನು ಹಾಕಿಸಿಕೊಳ್ಳಬೇಡಿ.

*ಜಲನೇತಿ ಮಾಡಬಹುದೇ?*
ಧಾರಾಳವಾಗಿ. ಪರಾಗ ತೊಳೆದುಹೋಗುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಳದ, ಬೋರಿನ ನೀರನ್ನು ಹಾಗೇ ಮೂಗಿಗೆ ಬಿಡಬೇಡಿ, ಮಿದುಳಿಗೆ ಏರುವ ಅಮೀಬಾ ಅಪರೂಪಕ್ಕೆ ಅದರಲ್ಲಿರುತ್ತದೆ. ಸ್ಪ್ರೇ ಹಾಕುವವರು ಮೊದಲು ನೇತಿ, ಆಮೇಲೆ ಸ್ಪ್ರೇ.

*ಕಬ್ಬಿನ ರವದಿ ಸುಟ್ಟಾಗ ಇಡೀ ಊರೇ ಕೆಮ್ಮುತ್ತದೆ. ಎಲ್ಲರಿಗೂ ಅಲರ್ಜಿಯೇ? (ಗೋಕಾಕ)*
ಅಲ್ಲ, ಹೊಗೆ ಯಾರಿಗೂ ಆಗುವುದಿಲ್ಲ. ಅಲರ್ಜಿ ಇದ್ದವರಿಗೆ ಎರಡು ಪಟ್ಟು ಕಾಟ, ಅಷ್ಟೇ. ಸುಡುವವರು ಹೊಲದಲ್ಲೇ ಕೊಳೆಸಿದರೆ ಮಣ್ಣಿಗೂ ಲಾಭ.

*ಹಾಸಿಗೆ, ಕೌದಿ ಮಾಳಿಗೆ ಮೇಲೆ ಒಣಹಾಕಬಹುದೇ?*
ನಿಮ್ಮ ಸೀನಿನ ಕಾಲದಲ್ಲಿ ಬೇಡ, ಪರಾಗ ಕೂತು ಒಳಗೆ ಬರುತ್ತದೆ. ಉಳಿದ ತಿಂಗಳಲ್ಲಿ ಬಿಸಿಲಿಗೆ ಹಾಕಿ. ಕೌದಿ ವರ್ಷಕ್ಕೊಮ್ಮೆ ನೀರು ಕಾಣುವ ಮನೆಗಳಲ್ಲಿ ಧೂಳಿನ ನುಸಿ ತುಂಬಿರುತ್ತದೆ. ಸೀನು ವರ್ಷವಿಡೀ ಇದ್ದರೆ ಅನುಮಾನ ಅದರ ಮೇಲೆಯೇ. ಮೇಲೆ ತೆಳು ಚಾದರ ಹೊದಿಸಿ, ಆ ಚಾದರವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಕೌದಿ ಒಗೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ, ಹಿಂಡುವಾಗ ಮನೆಯ ಗಂಡಸರೂ ಕೈಹಚ್ಚಲಿ. ಕೊಡವುವ ಕೆಲಸ ಮಾತ್ರ ಸೀನು ಇಲ್ಲದವರ ಪಾಲಿಗೆ.